ಒಂದು ಮಾತು ಹೇಳಬಾರದಿತ್ತಾ?

ಎಂಟು ವರ್ಷದ ಹಿಂದೆ ಆಫೀಸಿನ ಚಾಟ್‌ನಲ್ಲಿ ಒಂದು ಸಾಲು ಬರೆದಿದ್ದೆ. ಐದೇ ಪದ. ‘ಯು ಶುಡ್ ಹ್ಯಾವ್ ಟೋಲ್ಡ್ ಮಿ.’ ವ್ಯಾಕರಣದಲ್ಲಿ ತಪ್ಪಿಲ್ಲ, ಸ್ಪೆಲಿಂಗ್‌ನಲ್ಲಿ ತಪ್ಪಿಲ್ಲ. ಆದರೂ ಪಾತ್ರೆ ತೊಳೆಯುವಾಗಲೋ, ಸಿಗ್ನಲ್‌ನಲ್ಲಿ ನಿಂತಾಗಲೋ ಅದು ಥಟ್ಟನೆ ನೆನಪಾಗುತ್ತದೆ. ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಬರೆದದ್ದು ನಮ್ಮ ಟೀಮಿನ ಒಬ್ಬ ಹುಡುಗನಿಗೆ. ಬಂಗಾಳದವನು, ಬರ್ಧಮಾನ್ ಕಡೆಯವನು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ಶುಕ್ರವಾರ ಬರಲಿಲ್ಲ. ಫೋನ್ ಸ್ವಿಚ್ ಆಫ್. ಮಧ್ಯಾಹ್ನದ ಹೊತ್ತಿಗೆ ಅವನ ರೂಮ್‌ಮೇಟ್‌ನಿಂದ ವಿಷಯ ಗೊತ್ತಾಯಿತು. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿದೆಯಂತೆ, ರಾತ್ರೋರಾತ್ರಿ ಏರ್‌ಪೋರ್ಟಿಗೆ ಹೋಗಿ ಕೂತು, ಬೆಳಗಿನ ಮೊದಲ ಫ್ಲೈಟ್ ಹಿಡಿದನಂತೆ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಇಪ್ಪತ್ತಮೂರು ವರ್ಷದ ಹುಡುಗ. ಕೈಯಲ್ಲಿ ದುಡ್ಡಿತ್ತೋ ಇಲ್ಲವೋ. ನಮ್ಮ ಮನೆ ಇರುವುದು ಹೆಬ್ಬಾಳದಲ್ಲಿ, ಏರ್‌ಪೋರ್ಟಿನ ದಾರಿಯಲ್ಲೇ. ಒಂದು ಫೋನ್ ಮಾಡಿದ್ದರೆ ನಾನೇ ಬಿಟ್ಟು ಬರುತ್ತಿದ್ದೆ. ತಿನ್ನೋಕೆ ಏನಾದರೂ ಕಟ್ಟಿ ಕೊಡುತ್ತಿದ್ದೆ. ಇದೆಲ್ಲ ತಲೆಯಲ್ಲಿ ಕನ್ನಡದಲ್ಲಿ ಓಡುತ್ತಿತ್ತು. ‘ಅಯ್ಯೋ, ಒಂದು ಮಾತು ಹೇಳಬಾರದಿತ್ತೇನೋ’ ಅಂತ. ಬೆರಳು ಮಾತ್ರ ಇಂಗ್ಲಿಷಿನಲ್ಲಿ ಓಡಿತು. ಎಂಟರ್ ಒತ್ತಿದೆ.

ಸಂಜೆ ಉತ್ತರ ಬಂತು. ‘ಸಾರಿ ಮ್ಯಾಮ್. ಇಟ್ ವಿಲ್ ನಾಟ್ ಹ್ಯಾಪನ್ ಅಗೇನ್.’

ಏನು ಮತ್ತೆ ಆಗಲ್ಲ? ಅಪ್ಪನ ಎದೆನೋವಾ? ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಹಾಗೇ ನಿಂತೆ. ಅವನು ಆಸ್ಪತ್ರೆಯಲ್ಲಿ ಎಲ್ಲೋ ಕೂತು ನನಗೆ, ನನಗೆ, ಸಮಜಾಯಿಷಿ ಬರೆದಿದ್ದಾನೆ. ತಕ್ಷಣ ಏನೇನೋ ಟೈಪ್ ಮಾಡಿದೆ. ‘ನೋ ನೋ, ಐ ಡಿಡಂಟ್ ಮೀನ್ ಇಟ್ ದಟ್ ವೇ.’ ಓದಿದರೆ ಇದೂ ಒಂಥರಾ ಮೇಲಿನಿಂದ ಹೇಳಿದ ಹಾಗೇ ಇತ್ತು. ಅಳಿಸಿದೆ. ‘ಡೋಂಟ್ ವರಿ ಅಬೌಟ್ ವರ್ಕ್.’ ಹಾಗಾದರೆ ಇಷ್ಟು ಹೊತ್ತು ವರ್ಕ್ ಬಗ್ಗೆಯೇ ಮಾತಾಡುತ್ತಿದ್ದೆ ಅಂತ ಆಗುತ್ತದೆ ಅಲ್ವಾ? ಅದನ್ನೂ ಅಳಿಸಿದೆ. ಕೊನೆಗೆ ಆ ಹೆಬ್ಬೆರಳಿನ ಚಿತ್ರ ಒತ್ತಿ ಫೋನ್ ಕೆಳಗಿಟ್ಟೆ. ಅಷ್ಟು ಮಾತು ಕಲಿತ ಮೇಲೆ ನನಗೆ ಉಳಿದದ್ದು ಒಂದು ಹೆಬ್ಬೆಟ್ಟು. ನಮ್ಮಜ್ಜಿ ಬ್ಯಾಂಕಿನಲ್ಲಿ ಒತ್ತುತ್ತಿದ್ದದ್ದೂ ಅದನ್ನೇ.

ಬದುವಿನ ಆಚೆಯವರು

ಆ ಮಾತು ನನಗೆ ಎಲ್ಲಿಂದ ಬಂತು ಅಂತ ಚೆನ್ನಾಗಿ ಗೊತ್ತು. 1991ರಲ್ಲಿ ತಾತ ತೀರಿಕೊಂಡರು. ನಾನು ಆಗ ಏಳನೇ ಕ್ಲಾಸು. ನಮ್ಮೂರು ತಿಪಟೂರು ಕಡೆ. ತೆಂಗಿನ ತೋಟದವರ ಜಗಳ ಎಲ್ಲ ತೆಂಗಿನ ಮರದ್ದೇ. ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವಿನ ಬದುವಿನ ಮೇಲೆ ಒಂದು ಮರ ಇತ್ತು. ಬುಡ ನಮ್ಮ ಕಡೆ, ತಲೆ ಅವರ ಕಡೆ. ಕಾಯಿ ಬಿದ್ದರೆ ಯಾರದ್ದು ಅನ್ನೋ ವಿಷಯಕ್ಕೆ ಎರಡು ವರ್ಷದಿಂದ ಎರಡೂ ಮನೆಗೆ ಮಾತಿಲ್ಲ ಕತೆಯಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಹಬ್ಬದ ದಿನ ಒಬ್ಬಟ್ಟು ಕೊಟ್ಟು ಕಳಿಸೋದು ನಿಂತು ಹೋಗಿತ್ತು. ಮಕ್ಕಳಿಗೆ ಅದೊಂದೇ ಬೇಜಾರು.

ತಾತ ಹೋದದ್ದು ನಡುರಾತ್ರಿ. ನೆಂಟರಿಗೆಲ್ಲ ಹೇಳಿ ಕಳಿಸಿದರು, ಆ ಮನೆಗೆ ಹೇಳಲಿಲ್ಲ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಆ ಮನೆಯವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಜಗಲಿಯ ಹತ್ತಿರ ನಿಂತರು. ಒಳಗೆ ಬರಲಿಲ್ಲ. ಅಲ್ಲಿಂದಲೇ ಅಜ್ಜಿಯನ್ನ ನೋಡಿ ಅಂದರು, ‘ನಂಗೊಂದ್ ಮಾತು ಹೇಳಿ ಕಳಿಸ್‌ಬಾರ್ದಿತ್ತೇನಕ್ಕ? ಅಷ್ಟು ಬ್ಯಾಡವಾಗೋದ್ನಾ ನಾನು?’ ಅಲ್ಲಿವರೆಗೆ ಅಜ್ಜಿ ಅತ್ತಿರಲಿಲ್ಲ. ಬಂದವರಿಗೆಲ್ಲ ಚಾಪೆ ಹಾಕಿಸೋದು, ದೀಪಕ್ಕೆ ಎಣ್ಣೆ ಹಾಕೋದು, ಅದು ಇದು ನೋಡಿಕೊಳ್ಳುತ್ತಾ ಕಲ್ಲಿನ ಹಾಗೆ ಇದ್ದರು. ಆ ಮಾತು ಕೇಳಿ ಗೋಡೆ ಹಿಡಿದುಕೊಂಡು ಕುಸಿದರು. ಆಮೇಲೆ ಅತ್ತರು, ಅತ್ತರು. ಪಕ್ಕದ ತೋಟದವರು ಬೇರೆ ಏನೂ ಹೇಳಲಿಲ್ಲ. ಟವೆಲ್ ತಲೆಗೆ ಸುತ್ತಿಕೊಂಡು, ಮಚ್ಚು ಕೇಳಿ ತಗೊಂಡು, ಚಟ್ಟಕ್ಕೆ ಬಿದಿರು ಕಡಿಯೋಕೆ ಹಿತ್ತಲಿಗೆ ಹೋದರು.

(ಆ ಮರದ ಜಗಳ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಮಾರನೇ ವರ್ಷ ಮತ್ತೆ ಶುರುವಾಯಿತು.)

ಆ ಮಾತನ್ನ ಬಿಡಿಸಿ ನೋಡಿದರೆ ಅದು ದೂರು. ನೀವು ನನಗೆ ಹೇಳಲಿಲ್ಲ ಅನ್ನೋ ಆಕ್ಷೇಪಣೆ. ಆದರೆ ಯಾರಿಗೂ ಅದು ದೂರು ಅನ್ನಿಸಲಿಲ್ಲ. ಕರೆಯಿಸಿಕೊಳ್ಳೋ ಹಕ್ಕು ನನಗೂ ಇತ್ತು, ನಾನು ಓಡಿ ಬರುತ್ತಿದ್ದೆ, ಆ ಅವಕಾಶ ತಪ್ಪಿಸಿಬಿಟ್ಟಿರಲ್ಲ ಅನ್ನೋ ಸಂಕಟ ಅದು. ಕನ್ನಡದಲ್ಲಿ ಎರಡು ಮಾತಿವೆ. ‘ಹೇಳಬೇಕಾಗಿತ್ತು’ ಒಂದು. ‘ಹೇಳಬಾರದಿತ್ತಾ’ ಇನ್ನೊಂದು. ಮೊದಲನೆಯದು ಇನ್‌ಸ್ಪೆಕ್ಟರ್ ಹೇಳೋದು, ಹೆಡ್‌ಮಾಸ್ಟರ್ ಹೇಳೋದು. ಎರಡನೆಯದು ಮನೆಯವರು ಹೇಳೋದು. ನಾನು ಆ ಹುಡುಗನಿಗೆ ಎರಡನೆಯದನ್ನ ಹೇಳಲು ಹೊರಟೆ. ‘ಶುಡ್ ಹ್ಯಾವ್’ ಅಂತ ಬರೆದ ಕೂಡಲೇ ಮೊದಲನೆಯದಾಗಿ ಹೋಗಿ ತಲುಪಿತು.

ರಜಾ ಅರ್ಜಿಯ ಇಂಗ್ಲಿಷ್

ನಮ್ಮ ಕಾಲದಲ್ಲಿ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ನಾವು ಬಾಯಿಪಾಠ ಮಾಡಿದ ಮೊದಲ ಉದ್ದನೆಯ ಇಂಗ್ಲಿಷ್ ಬರಹ ಯಾವುದು ಹೇಳಿ? ರಜಾ ಅರ್ಜಿ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ರಿಕ್ವೆಸ್ಟ್ ಯು ಟು ಕೈಂಡ್ಲಿ ಗ್ರ್ಯಾಂಟ್ ಮಿ ಲೀವ್ ಫಾರ್ ಟೂ ಡೇಸ್.’ ಕೊನೆಗೆ ‘ಯುವರ್ಸ್ ಒಬೀಡಿಯಂಟ್ಲಿ’. ಜ್ವರ ಬಂದವಳು ನಾನು, ಆದರೂ ಕೈ ಕಟ್ಟಿಕೊಂಡು ಬೇಡಬೇಕು. ಇನ್ನು ಪಾಠದ ಕೊನೆಯಲ್ಲಿ ಬರುತ್ತಿದ್ದ ಇಂಗ್ಲಿಷ್ ಯಾವುದು? ‘ಆನ್ಸರ್ ದ ಫಾಲೋಯಿಂಗ್’, ‘ಫಿಲ್ ಇನ್ ದ ಬ್ಲ್ಯಾಂಕ್ಸ್’. ಬರೀ ಆಜ್ಞೆ.

ಹೀಗಾಗಿ ನನ್ನ ಇಂಗ್ಲಿಷಿಗೆ ಎರಡೇ ಗೇರು. ಒಂದು ಬೇಡೋದು, ಇನ್ನೊಂದು ಹೇಳಿ ಮಾಡಿಸೋದು. ಮೇಲಿನವರಿಗೆ ಬರೆದರೆ ‘ಕೈಂಡ್ಲಿ ಡು ದ ನೀಡ್‌ಫುಲ್’. ಕೆಳಗಿನವರಿಗೆ ಬರೆದರೆ ‘ಸೆಂಡ್ ಇಟ್ ಬೈ ಈವನಿಂಗ್’. ನಡುವೆ ಏನೂ ಇಲ್ಲ. ಪಕ್ಕದಲ್ಲಿ ಕೂತು ಮಾತಾಡೋ ಇಂಗ್ಲಿಷನ್ನ ನಮಗೆ ಯಾರೂ ಕಲಿಸಲಿಲ್ಲ. ಪಾಪ, ಮೇಷ್ಟ್ರಿಗೂ ಅದು ಬರುತ್ತಿರಲಿಲ್ಲ. ಆ ‘ನೀಡ್‌ಫುಲ್’ ಅನ್ನೋದು ಬ್ರಿಟಿಷರ ಕಾಲದ ಕಚೇರಿ ಭಾಷೆ. ಅವರು ಅದನ್ನ ಎಂದೋ ಬಿಟ್ಟರು, ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಅದನ್ನ ಕಂಡು ನಗುವವರು ತುಂಬಾ ಜನ. ನನಗೆ ಈಗ ನಗು ಬರಲ್ಲ. ಆಳುವವರ ಮುಂದೆ ನಿಂತವರ ಭಾಷೆ ಅದು. ಅದರಲ್ಲಿ ಬೆನ್ನು ಬಾಗಿರುವುದು ಕಾಣುತ್ತದೆ.

ಕನ್ನಡದಲ್ಲಿ ನಮಗೆ ಈ ಕಷ್ಟ ಇಲ್ಲ. ಕ್ರಿಯಾಪದದ ಬಾಲದಲ್ಲೇ ಎಲ್ಲ ಇದೆ. ಕೊಡು, ಕೊಡಿ, ಕೊಡಪ್ಪ, ಕೊಡಮ್ಮ, ಕೊಡ್ರಿ, ಕೊಡ್ತೀಯಾ, ಕೊಡ್ತೀರಾ, ಕೊಡು ಮಾರಾಯ. ಮುಂದೆ ಒಂದು ‘ಸ್ವಲ್ಪ’ ಸೇರಿಸಿದರೆ ಮುಗಿಯಿತು. ‘ಸ್ವಲ್ಪ ಬಾಗಿಲು ತೆಗೀರಿ’ ಅಂದರೆ ಯಾರೂ ಬಾಗಿಲನ್ನ ಅರ್ಧ ಮಾತ್ರ ತೆಗೆಯಲ್ಲ. ಆ ಸ್ವಲ್ಪ ಬಾಗಿಲಿಗೆ ಸಂಬಂಧಿಸಿದ್ದಲ್ಲ, ತೊಂದರೆ ಕೊಡುತ್ತಿದ್ದೇನೆ ಅನ್ನೋ ಸಂಕೋಚಕ್ಕೆ ಸಂಬಂಧಿಸಿದ್ದು. ಇಷ್ಟೆಲ್ಲ ಇರುವುದರಿಂದಲೇ ನಮಗೆ ‘ದಯವಿಟ್ಟು’ ಬೇಕಾಗಲ್ಲ. ಎಷ್ಟು ಒಳ್ಳೆಯ ಪದ ನೋಡಿ, ದಯೆ ಇಟ್ಟು ಅಂತ. ಆದರೆ ಅದು ಇರುವುದು ಬೋರ್ಡುಗಳ ಮೇಲೆ. ‘ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿ ಬಿಡಿ.’ ಮನೆಯಲ್ಲಿ ಯಾರಾದರೂ ‘ದಯವಿಟ್ಟು ಉಪ್ಪು ಕೊಡಿ’ ಅಂದರೆ ಇವರಿಗೆ ಏನೋ ಆಗಿದೆ ಅಂತಲೇ ಅರ್ಥ. ಬಹುಶಃ ಜಗಳ.

ಆ ಬಾಲ ಇಂಗ್ಲಿಷಿಗೆ ಹೋಗುವಾಗ ಬಿದ್ದು ಹೋಗುತ್ತದೆ. ‘ಸ್ವಲ್ಪ ಆ ಫೈಲ್ ಕಳಿಸಪ್ಪ’ ಅಂತ ಅಂದುಕೊಂಡು ‘ಸೆಂಡ್ ದಟ್ ಫೈಲ್’ ಅಂತ ಬರೆಯುತ್ತೇವೆ. ಮನಸ್ಸಿನಲ್ಲಿ ‘ಸ್ವಲ್ಪ’ವೂ ಇತ್ತು, ‘ಅಪ್ಪ’ನೂ ಇದ್ದ. ಓದುವವನಿಗೆ ಇಬ್ಬರೂ ಕಾಣಲ್ಲ.

ಟೆಲ್ ಮಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೂತು ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ನಾನು ಫೋನ್ ಎತ್ತಿದ ಕೂಡಲೇ ಹೆಸರು ನೋಡಿ ‘ಯೆಸ್, ಟೆಲ್ ಮಿ’ ಅನ್ನುತ್ತಿದ್ದೆ. ಬೆಂಗಳೂರಿನಲ್ಲಿ ಎಲ್ಲರೂ ಹಾಗೇ ಅನ್ನೋದು ತಾನೆ? ‘ಹಾಂ, ಹೇಳಿ’ ಅನ್ನೋದರ ಇಂಗ್ಲಿಷ್ ಅದು. ಕೈಯಲ್ಲಿದ್ದ ಕೆಲಸ ಬಿಟ್ಟೆ, ಕಿವಿ ನಿಮ್ಮ ಕಡೆಗಿದೆ, ಆರಾಮಾಗಿ ಹೇಳಿ ಅಂತ ಅರ್ಥ. ಒಂದು ವರ್ಷ ಆದ ಮೇಲೆ, ಸ್ವಲ್ಪ ಸಲಿಗೆ ಬೆಳೆದ ಮೇಲೆ, ಅವರು ನಗುತ್ತಾ ಹೇಳಿದರು. ‘ನೀವು ಯಾವಾಗಲೂ ಅವಸರದಲ್ಲಿ ಇರುತ್ತೀರಿ ಅಂದುಕೊಂಡಿದ್ದೆ. ಬೇಗ ಹೇಳಿ ಮುಗಿಸು ಅಂದ ಹಾಗೆ ಕೇಳುತ್ತಿತ್ತು.’ ಫೋನ್ ಎತ್ತಿ ಏನನ್ನಬೇಕು ಅನ್ನೋದು ಇಂಗ್ಲಿಷಿನವರಿಗೂ ಒಂದು ಕಾಲಕ್ಕೆ ಗೊತ್ತಿರಲಿಲ್ಲ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್‌ಗೆ ಹಡಗಿನವರು ಕೂಗುವ ‘ಅಹಾಯ್’ ಇಷ್ಟವಾಗಿತ್ತು. 1877ರಲ್ಲಿ ಎಡಿಸನ್ ‘ಹೆಲೋ’ ಅಂದರೆ ಸಾಕು ಅಂತ ಬರೆದರು. ಅದೇ ನಿಂತಿತು. ನಾವು ಆ ಹೆಲೋ ಜೊತೆಗೆ ನಮ್ಮ ‘ಹೇಳಿ’ಯನ್ನೂ ಸೇರಿಸಿಕೊಂಡೆವು.

ಆ ಲೀಡ್ಸಿನವರ ಇಂಗ್ಲಿಷೂ ನಮಗೆ ಅಷ್ಟೇ ಅರ್ಥವಾಗುತ್ತಿದ್ದದ್ದು. ಒಂದು ಸಲ ಮೇಲ್‌ನಲ್ಲಿ ಬರೆದಿದ್ದರು, ‘ಯು ಮೈಟ್ ವಾಂಟ್ ಟು ಹ್ಯಾವ್ ಎ ಲುಕ್ ಅಟ್ ದಿಸ್ ವೆನ್ ಯು ಗೆಟ್ ಎ ಚಾನ್ಸ್.’ ಸಮಯ ಸಿಕ್ಕರೆ ನೋಡಿ ಅಂದಿದ್ದಾರಲ್ಲ ಅಂತ ಎರಡು ವಾರ ಬಿಟ್ಟೆವು. ಆಮೇಲೆ ದೊಡ್ಡ ರಾದ್ಧಾಂತ. ಅವರ ಪ್ರಕಾರ ಅದು ‘ಈಗಲೇ ನೋಡಿ, ಬೆಂಕಿ ಹತ್ತಿದೆ’ ಅಂತ. ನನಗೆ ಆಗ ನಮ್ಮ ಅತ್ತೆ ನೆನಪಾದರು. ಅತ್ತೆ ಹಾಲ್‌ನಲ್ಲಿ ಕೂತುಕೊಂಡು ‘ಯಾಕೋ ಒಲೆ ಮೇಲೆ ಏನೋ ಸದ್ದಾಗ್ತಾ ಇದೆಯಲ್ಲ’ ಅನ್ನುತ್ತಾರೆ. ಹಾಗಂದರೆ ಓಡು, ಹಾಲು ಉಕ್ಕುತ್ತಿದೆ ಅಂತ ಅರ್ಥ. ಮದುವೆಯಾದ ಹೊಸತರಲ್ಲಿ ನಾನು ‘ಹೌದಾ ಅತ್ತೆ?’ ಅಂದು ಸುಮ್ನೆ ಕೂತಿದ್ದೆ. ಲೀಡ್ಸಿನ ಆ ಹೆಂಗಸು, ನಮ್ಮ ಅತ್ತೆ, ಇಬ್ಬರೂ ಒಂದೇ ಬಳಗ. ಹೇಳಬೇಕಾದದ್ದನ್ನ ಹೇಳದೆ ಹೇಳುವವರು. ಆದರೆ ಬಚ್ಚಿಡೋ ಜಾಗ ಬೇರೆ ಬೇರೆ. ಮನೆಯವರಿಗೆ ಮಾತ್ರ ಗೊತ್ತಿರುತ್ತದೆ, ಕೀಲಿಕೈ ಯಾವ ಹಂಚಿನ ಕೆಳಗಿದೆ ಅಂತ.

ಇಂಗ್ಲಿಷಿನಲ್ಲೂ ಹಿಂದೆ ‘ನೀನು’, ‘ನೀವು’ ಬೇರೆ ಬೇರೆ ಇತ್ತು. ‘ಥೌ’ ಅಂದರೆ ನೀನು, ‘ಯು’ ಅಂದರೆ ನೀವು. ಕಾಲ ಕಳೆದಂತೆ ಎಲ್ಲರಿಗೂ ನೀವು ಅನ್ನೋದೇ ರೂಢಿಯಾಗಿ, 17ನೇ ಶತಮಾನದ ಹೊತ್ತಿಗೆ ಥೌ ಬಹುಮಟ್ಟಿಗೆ ಬಳಕೆ ತಪ್ಪಿತು. ನಾವೆಲ್ಲ ‘ಯು’ ಅಂದರೆ ಏಕವಚನ, ಇಂಗ್ಲಿಷಿಗೆ ಮರ್ಯಾದೆಯೇ ಇಲ್ಲ ಅಂತ ತಮಾಷೆ ಮಾಡುತ್ತೇವೆ. ನಿಜ ಉಲ್ಟಾ. ಅವರು ಕಳೆದುಕೊಂಡದ್ದು ಬಹುವಚನವನ್ನಲ್ಲ, ಸಲಿಗೆಯನ್ನ. ಸರ್ವನಾಮದಲ್ಲಿ ಜಾಗ ಇಲ್ಲದ ಮೇಲೆ ಮರ್ಯಾದೆ ಬೇರೆ ಕಡೆ ಹೋಗಿ ಕೂತಿತು ಅಂತ ನನ್ನ ಲೆಕ್ಕ. ‘ಕುಡ್ ಯು’, ‘ವುಡ್ ಯು ಮೈಂಡ್’, ‘ಐ ವಾಸ್ ವಂಡರಿಂಗ್ ಇಫ್’. ನಾವು ಬಾಲ ಸೇರಿಸುತ್ತೇವೆ, ಅವರು ತಲೆ ಸೇರಿಸುತ್ತಾರೆ.

ಒಂದು ಬೇಡದ ನೆನಪು

ಇಷ್ಟು ಬರೆದ ಮೇಲೆ ಕನ್ನಡ ಅಂದರೆ ಬರೀ ಮೃದು, ಬರೀ ಅಕ್ಕರೆ ಅನ್ನೋ ಹಾಗೆ ಕಾಣುತ್ತಿದೆ. ಹಾಗೇನಿಲ್ಲ. ಮರ್ಯಾದೆ ಕೊಡೋ ಬಾಲದಲ್ಲೇ ಮರ್ಯಾದೆ ತೆಗೆಯೋ ಶಕ್ತಿಯೂ ಇದೆ. ನಮ್ಮ ತೋಟದ ಕೆಲಸಕ್ಕೆ ಒಬ್ಬರು ಬರುತ್ತಿದ್ದರು. ನಮ್ಮ ತಾತನ ವಯಸ್ಸು. ಎಂಟು ವರ್ಷದ ನಾನು ಅವರನ್ನ ‘ಬಾರೋ’, ‘ಕೊಡೋ’ ಅನ್ನುತ್ತಿದ್ದೆ. ಅವರು ನನ್ನನ್ನ ‘ಬನ್ನಿ ಅವ್ವ’ ಅನ್ನುತ್ತಿದ್ದರು. ಮನೆಯಲ್ಲಿ ಯಾರೂ ತಿದ್ದಲಿಲ್ಲ. ದೊಡ್ಡವರಿಗೆ ಎದುರು ಮಾತಾಡಬಾರದು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು ಅಂತೆಲ್ಲ ಕಲಿಸಿದ ಮನೆ ಅದು. ಇದು ಮಾತ್ರ ತಪ್ಪು ಅಂತ ಯಾರಿಗೂ ಅನ್ನಿಸಲೇ ಇಲ್ಲ. ಯಾವ ಜಾತಿ ಅಂತ ನೀವು ಕೇಳಲ್ಲ, ನಾನೂ ಹೇಳಲ್ಲ, ಇಬ್ಬರಿಗೂ ಗೊತ್ತು.

ಅವರ ಮೊಮ್ಮಗ ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ಊರ ಜಾತ್ರೆಯಲ್ಲಿ ಸಿಕ್ಕರೆ ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಮೊದಮೊದಲು ಜಂಭ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸಲ್ಲ. ಆ ಚಪ್ಪಟೆ ‘ಯು’ನಲ್ಲಿ ಯಾರೂ ಯಾರಿಗೂ ‘ಬಾರೋ’ ಅನ್ನೋಕೆ ಆಗಲ್ಲ. ಕ್ವೇಕರ್‌ಗಳು ಅನ್ನೋ ಪಂಥದವರು ಇಂಗ್ಲೆಂಡಿನಲ್ಲಿ ಇದರ ತಿರುವುಮುರುವು ಮಾಡಿದ್ದರು. ದೇವರ ಮುಂದೆ ಎಲ್ಲರೂ ಒಂದೇ ಅಂತ ಜಡ್ಜ್ ಎದುರು ನಿಂತರೂ ‘ಥೌ’ ಅಂದೇ ಕರೆಯುತ್ತಿದ್ದರು. ಅವರು ಎಲ್ಲರನ್ನೂ ಏಕವಚನಕ್ಕೆ ಇಳಿಸಿ ಸಮ ಮಾಡಲು ನೋಡಿದರು.

ಅಂದಹಾಗೆ, ಈಗಷ್ಟೇ ಗಮನಿಸಿದೆ. ಮೇಲೆ ‘ಮಾತಾಡುತ್ತಾನೆ’ ಅಂತ ಬರೆದಿದ್ದೇನೆ. ಮೂವತ್ತೈದು ದಾಟಿದ ಮನುಷ್ಯ. ಮಾತಾಡುತ್ತಾರೆ.

ಸಾರಿ ಅಂದರೆ ನೋವು

ಆಫೀಸಿನಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಒಂದು ಮೇಲ್ ಬರುತ್ತದೆ. ಅದರ ಹಿಂದೆಯೇ ಸಾಲಾಗಿ, ‘ಸಾರಿ ಫಾರ್ ಯುವರ್ ಲಾಸ್’. ನನಗೆ ಆ ಮಾತು ಎಂದೂ ಒಗ್ಗಲಿಲ್ಲ. ನಮ್ಮ ಕನ್ನಡದೊಳಗೆ ಬಂದ ‘ಸಾರಿ’ಗೆ ಒಂದೇ ಅರ್ಥ, ತಪ್ಪಾಯ್ತು ಅಂತ. ಕಾಲು ತುಳಿದಾಗ ಹೇಳೋದು. ಯಾರೋ ತೀರಿಕೊಂಡರೆ ನಾನ್ಯಾಕೆ ಸಾರಿ ಹೇಳಲಿ, ನಾನೇನು ಮಾಡಿದೆ? ಆಮೇಲೆ ಒಂದು ದಿನ ನಿಘಂಟು ತೆಗೆದು ನೋಡಿದೆ. ಹಳೆಯ ಇಂಗ್ಲಿಷಿನಲ್ಲಿ ಸಾರಿ ಬಂದದ್ದು ‘ಸೋರ್’ ಅನ್ನೋ ಪದದ ಮೂಲದಿಂದ. ಅಂದರೆ ನೋವು, ಹುಣ್ಣು. ಗಂಟಲು ಕೆಟ್ಟರೆ ‘ಸೋರ್ ಥ್ರೋಟ್’ ಅನ್ನುತ್ತೇವಲ್ಲ, ಅದೇ ಸೋರ್. ಹಾಗಾದರೆ ‘ಐ ಆಮ್ ಸಾರಿ’ ಅಂದರೆ ನನಗೂ ನೋಯುತ್ತಿದೆ ಅಂತ. ‘ಥ್ಯಾಂಕ್’, ‘ಥಿಂಕ್’ ಕೂಡ ಒಂದೇ ಬೇರಿನವು. ನಿಮ್ಮನ್ನ ನೆನೆಯುತ್ತೇನೆ ಅನ್ನೋದೇ ಥ್ಯಾಂಕ್ಸ್. ನಮ್ಮಲ್ಲೂ ಉಪಕಾರ ನೆನೆಯೋದು ಅನ್ನುತ್ತೇವೆ. ‘ಕೈಂಡ್’ ಅನ್ನೋದಕ್ಕೆ ‘ಕಿನ್’ ನೆಂಟು, ಅಂದರೆ ಬಳಗ. ಜಗಲಿಯ ಹತ್ತಿರ ನಿಂತು ‘ಅಕ್ಕ’ ಅಂದವರು ನೆನಪಾದರು.

ನಿಘಂಟಿನಿಂದ ಒಂದು ಲಾಭ ಆಯಿತು. ಬೇರೆಯವರ ಇಂಗ್ಲಿಷಿನ ಮೇಲೆ ನನಗಿದ್ದ ಸಿಟ್ಟು ಕಡಿಮೆಯಾಯಿತು. ಆದರೂ ಸಾವಿನ ಮನೆಯಲ್ಲಿ ನಮಗೆ ಗೊತ್ತಿರುವುದೇ ಬೇರೆ. ನಾವು ಅಲ್ಲಿ ಹೋಗಿ ಏನೂ ಹೇಳಲ್ಲ, ಕೇಳುತ್ತೇವೆ. ಹೇಗಾಯ್ತು? ರಾತ್ರಿ ಊಟ ಮಾಡಿದ್ರಾ? ಯಾರಿದ್ರು ಹತ್ರ? ಮನೆಯಾಕೆ ಹೇಳುತ್ತಾ ಹೋಗುತ್ತಾರೆ. ಹೊಸಬರು ಬಂದಾಗಲೆಲ್ಲ ಮತ್ತೆ ಮೊದಲಿಂದ. ಮೊದಲ ಸಲ ಹೇಳುವಾಗ ಗಂಟಲು ಕಟ್ಟುತ್ತದೆ. ಹತ್ತನೇ ಸಲಕ್ಕೆ ಧ್ವನಿ ಒಂದು ಹದಕ್ಕೆ ಬಂದಿರುತ್ತದೆ. ಎದ್ದು ಹೋಗುವಾಗ ‘ಬರ್ತೀನಿ’ ಅನ್ನಲ್ಲ. ಉಳಿದೆಲ್ಲ ಮನೆಯಲ್ಲೂ ‘ಹೋಗ್ತೀನಿ’ ಅಂದರೆ ತಪ್ಪು, ‘ಹೋಗಿ ಬರ್ತೀನಿ’ ಅನ್ನಬೇಕು. ಇಲ್ಲಿ ಮಾತ್ರ ಆ ‘ಬರ್ತೀನಿ’ ಬೇಡ, ಇಂಥದ್ದಕ್ಕೆ ಮತ್ತೆ ಬರೋದು ಬೇಡ. ಸುಮ್ನೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತೇವೆ. ಇದನ್ನ ಮೇಲ್‌ನಲ್ಲಿ ಹೇಗೆ ಬರೆಯೋದು? ಮೇಲ್‌ನಲ್ಲಿ ಏನೂ ಬರೆಯದಿದ್ದರೆ ಅದು ಸುಮ್ಮನಿರೋದೂ ಅಲ್ಲ, ಬರಲೇ ಇಲ್ಲ ಅಂತ ಆಗುತ್ತದೆ.

ಅದಕ್ಕೇ ಈಗ ಇಂಗ್ಲಿಷಿನಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇನೆ. ಕನ್ನಡದಲ್ಲಿ ಎಂದೂ ಬಾಯಿ ಬಿಟ್ಟು ಹೇಳದ್ದನ್ನ ಬಿಡಿಸಿ ಬರೆಯುತ್ತೇನೆ. ನನಗೆ ಗಾಬರಿಯಾಯಿತು. ನಿನ್ನ ಮೇಲೆ ಕೋಪ ಇಲ್ಲ. ಇದು ಅವಸರದ ಕೆಲಸ ಅಲ್ಲ, ನಾಳೆ ಆದರೂ ಸಾಕು. ಬರೆಯುವಾಗ ನಾಚಿಕೆಯಾಗುತ್ತದೆ, ಯಾರೋ ಬಟ್ಟೆ ಬಿಚ್ಚಿಸಿ ನಿಲ್ಲಿಸಿದ ಹಾಗೆ. ನಮ್ಮಮ್ಮನಿಗೆ ಫೋನ್ ಮಾಡಿ ‘ಅಮ್ಮ, ನಿನ್ನ ಮೇಲೆ ನನಗೆ ಕೋಪ ಇಲ್ಲ’ ಅಂದು ನೋಡಿದರೆ ಸಾಕು. ‘ಯಾಕೆ, ಏನಾಯ್ತು, ಯಾರೇನಂದ್ರು?’ ಅಂತ ಸಂಜೆ ಬಸ್ಸಿಗೇ ಹೊರಟು ಬಂದುಬಿಡುತ್ತಾರೆ.

ಬೇರೆಯವರು ಬರೆದದ್ದನ್ನ ಓದುವಾಗಲೂ ಕೆಳಗೆ ಯಾವ ಭಾಷೆ ಇದೆ ಅಂತ ಒಂದು ಸಲ ತಟ್ಟಿ ನೋಡುತ್ತೇನೆ. ‘ವಾಟ್ ಈಸ್ ಯುವರ್ ಗುಡ್ ನೇಮ್’ ಅಂದರೆ ಕೆಳಗೆ ಹಿಂದಿಯ ಶುಭನಾಮ ಇರಬಹುದು, ಬಂಗಾಳಿಯ ‘ಭಾಲೋ ನಾಮ್’ ಇರಬಹುದು. ಬಂಗಾಳಿಗಳಿಗೆ ಮನೆಯಲ್ಲಿ ಕರೆಯೋ ಹೆಸರು ಬೇರೆ, ಹೊರಗಿನ ಒಳ್ಳೆಯ ಹೆಸರು ಬೇರೆ. ‘ಯು ಹ್ಯಾವ್ ಬಿಕಮ್ ಸೋ ಥಿನ್’ ಅಂದರೆ ಕೆಳಗೆ ಯಾರದೋ ಅಜ್ಜಿ ಇರುತ್ತಾರೆ. ‘ಎಷ್ಟು ಬಡವಾಗಿಬಿಟ್ಟಿದ್ದೀಯೇ’ ಅಂತ ಗಲ್ಲ ಸವರುತ್ತಾ.

ಕೀಪಿಂಗ್

ಹೋದ ತಿಂಗಳು ಆ ಹುಡುಗನಿಗೆ ಫೋನ್ ಮಾಡಿದೆ. ಕಾರಣ ಏನೂ ಇರಲಿಲ್ಲ. ಅವನು ನಮ್ಮಲ್ಲಿ ಮೂರು ವರ್ಷ ಇದ್ದು, ಆಮೇಲೆ ಕೋಲ್ಕತ್ತಾಗೆ ಹೋದ. ಇದ್ದಷ್ಟು ದಿನ ಆ ಮಾತು ಇಬ್ಬರೂ ಎತ್ತಲಿಲ್ಲ. ಫೋನ್ ಎತ್ತಿದವನೇ ‘ಯೆಸ್ ಮ್ಯಾಮ್, ಟೆಲ್ ಮಿ’ ಅಂದ. ನನಗೆ ನಗು ತಡೆಯೋಕೆ ಆಗಲಿಲ್ಲ. ಬೆಂಗಳೂರು ಬಿಟ್ಟು ಐದು ವರ್ಷ ಆದರೂ ನಾಲಿಗೆಯಲ್ಲಿ ಇಷ್ಟು ಉಳಿದಿದೆ.

ಅಪ್ಪ ಹೇ‌ಗಿದ್ದಾರೆ ಅಂತ ಕೇಳಿದೆ. ಚೆನ್ನಾಗಿದ್ದಾರಂತೆ. ಬೆಳಗ್ಗೆ ಎದ್ದು ತಾವೇ ಮೀನು ತರೋಕೆ ಹೋಗುತ್ತಾರಂತೆ, ಡಾಕ್ಟರು ಬೇಡ ಅಂದರೂ ರೇಟಿಗೆ ಜಗಳ ಆಡುತ್ತಾರಂತೆ. ಆಮೇಲೆ ಆ ಸಾಲಿನ ವಿಷಯ ಎತ್ತಿದೆ. ಮರೆತಿರುತ್ತಾನೆ ಅಂತ ಎಂಟು ವರ್ಷದಿಂದ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ನೆನಪಿದೆ ಮ್ಯಾಮ್’ ಅಂದ. ಆಗ ಅವನು ಪ್ರೊಬೇಷನ್‌ನಲ್ಲಿ ಇದ್ದನಲ್ಲ, ಕೆಲಸ ಹೋಯಿತು ಅಂದುಕೊಂಡನಂತೆ. ಐಸಿಯು ಹೊರಗೆ ಕೂತು, ಆಸ್ಪತ್ರೆ ಬಿಲ್ ಕಟ್ಟೋದು ಹೇಗೆ ಅಂತ ಲೆಕ್ಕ ಹಾಕುತ್ತಿದ್ದನಂತೆ. ಅಮ್ಮನಿಗೆ ಹೇಳಿರಲಿಲ್ಲವಂತೆ. ನಾನು ಏನು ಹೇಳಬೇಕೋ ತಿಳಿಯದೆ ಬಾಲ್ಕನಿಯ ಕಂಬಿ ಹಿಡಿದುಕೊಂಡು ನಿಂತೆ.

ಆಮೇಲೆ ಕನ್ನಡದಲ್ಲಿ ಅದು ಏನಾಗಿತ್ತು ಅಂತ ಹೇಳಿದೆ. ತಾತನ ಸಾವು, ಬದು, ತೆಂಗಿನ ಮರ, ಎಲ್ಲ. ಹಾಳು ಇಂಗ್ಲಿಷಿನಲ್ಲಿ ತೆಂಗಿನ ಮರದ ಬುಡ, ತಲೆ ವಿವರಿಸೋಕೆ ಐದು ನಿಮಿಷ ಬೇಕಾಯಿತು. ಅವನು ಕೇಳಿ, ‘ಓಹ್, ಏಕ್‌ಬಾರ್ ಬೋಲ್ತೆ ಪಾರ್ಲಿ ನಾ?’ ಅಂದ. ಒಂದು ಸಲ ಹೇಳೋಕಾಗಲಿಲ್ವಾ ಅಂತ. ಅವರ ಮಾಶಿ, ಅಂದರೆ ಅಮ್ಮನ ತಂಗಿ, ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಾರಂತೆ. ಹೊಸ ಚಪ್ಪಲಿ ತಗೊಂಡರೂ ಅದೇ ಮಾತಂತೆ. ಅವರಲ್ಲಿ ‘ನೀನು’ ಅನ್ನೋದಕ್ಕೆ ಮೂರು ಮೆಟ್ಟಿಲು. ತುಯಿ, ತುಮಿ, ಆಪನಿ. ಆ ‘ಪಾರ್ಲಿ’ ಇರೋದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ತುಯಿಯಲ್ಲಿ. ಮಾಶಿಗೆ ಮಾತ್ರ ಹಾಗೆ ಹೇಳೋಕೆ ಆಗೋದು, ಮ್ಯಾನೇಜರಿಗೆ ಆಗಲ್ಲ ಅಂತ ನಕ್ಕ. ನಾನು ನಗಲಿಲ್ಲ.

ಆ ಕಡೆ ಯಾರೋ ಅವನನ್ನ ಕರೆದರು. ಮನೆಯ ಹೆಸರು ಹಿಡಿದು ಕರೆದರು, ನನಗೆ ಗೊತ್ತಿಲ್ಲದ ಹೆಸರು. ‘ಓಕೆ ಮ್ಯಾಮ್, ಕೀಪಿಂಗ್ ದ ಫೋನ್’ ಅಂದ. ಬಂಗಾಳಿಯಲ್ಲಿ ಅದು ‘ರಾಖ್ಚಿ’. ನಮ್ಮ ‘ಇಡ್ತೀನಿ’.

‘ಇಡಪ್ಪ’ ಅಂದೆ. ಕನ್ನಡದಲ್ಲೇ ಬಂತು.

‘ಸರಿ ಮ್ಯಾಮ್’ ಅಂದ.